ಹೊಳಪಿನ ಮಾತು ಕೊನೆಗಿರಲಿ

ನೋಡಪ್ಪಾ, ಸ್ವಂತ ವರ್ಕ್‌ಶಾಪ್ ಹಾಕಿದ್ದೀಯ, ಸಂತೋಷ. ಗೇಟೋ, ಕುರ್ಚಿ ಕಾಲೋ, ಬೋಲ್ಟೋ, ಏನು ಮಾಡಿದರೂ ಕಡೆಗೆ ಪ್ಲೇಟಿಂಗ್‌ಗೆ ಕಳಿಸಲೇಬೇಕು. ಬರುವ ಪಾರ್ಟಿಗಳೆಲ್ಲ ‘ಯಾವುದು ಚೆನ್ನಾಗಿ ಹೊಳೆಯುತ್ತೆ?’ ಅಂತಲೇ ಶುರುಮಾಡುತ್ತಾರೆ. ನೀನು ಮಾತ್ರ ಮೊದಲು ಕೇಳು: ಈ ವಸ್ತು ಬಾಳಬೇಕಾದ ಜಾಗ ಯಾವುದು? ಪೀಣ್ಯದ ಗೋದಾಮಿನ ಒಳಗೋ, ಬಚ್ಚಲಿನ ತೇವದಲ್ಲೋ, ಕಾರವಾರದ ಉಪ್ಪುಗಾಳಿಯಲ್ಲೋ?

ನಮ್ಮ ಅಜ್ಜಿಯರ ಕಾಲದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಕಿಲುಬು ಬಿಡುತ್ತದೆಂದು ಒಳಮೈಗೆ ತವರದ ಕಲಾಯಿ ಹಾಕಿಸುತ್ತಿದ್ದರು. ಹೊರಮೈಗೆ ಹುಣಸೆಹಣ್ಣು ಉಜ್ಜಿದರೆ ಸಾಕಿತ್ತು. ತವರ 232 ಡಿಗ್ರಿಗೇ ಕರಗುವುದರಿಂದ ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಇಡುತ್ತಿರಲಿಲ್ಲ. ಎಲ್ಲಿ ಬೇಕೋ ಅಲ್ಲಿಗೆ, ಎಷ್ಟು ಬೇಕೋ ಅಷ್ಟು ಲೇಪ.

ಕಬ್ಬಿಣಕ್ಕೆ ಕಡಿಮೆ ಖರ್ಚಿನ ಕಾವಲು ಸತು. ಅದು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಸಣ್ಣ ಗೀರು ಬಿದ್ದರೂ ಅಕ್ಕಪಕ್ಕದ ಸತು ಆ ಜಾಗವನ್ನು ಕಾಯುತ್ತದೆ. ಆದರೆ ತೊಟ್ಟಿಯಲ್ಲಿ ಕರೆಂಟು ಹಾಯಿಸಿ ಮಾಡುವ ಜಿಂಕ್ ಪ್ಲೇಟಿಂಗ್ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್ ಅಷ್ಟೇ. ಮನೆಯೊಳಗಿನ ಬ್ರಾಕೆಟ್ಟಿಗೆ ಅದು ಸಾಕು. ಮಳೆಯಲ್ಲಿ ನಿಲ್ಲುವ ಗೇಟಿಗೆ, ಕಂಬಕ್ಕೆ ಗ್ಯಾಲ್ವನೈಸಿಂಗ್ ಮಾಡಿಸು. ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆದರೆ ದಪ್ಪ ಉಕ್ಕಿನ ಮೇಲೆ 70-80 ಮೈಕ್ರಾನ್ ಕೂರುತ್ತದೆ. ಬಣ್ಣ ಬೂದು ಎಂದು ಪಾರ್ಟಿ ಮುಖ ಸಿಂಡರಿಸಬಹುದು. ಮೇಲೆ ಪೇಂಟ್ ಹೊಡೆಸಿಕೊಳ್ಳಲಿ.

ಇನ್ನು ಕ್ರೋಮ್. ಅದರ ಹೊಳಪು ಬಹುಪಾಲು ಅಡಿಯಲ್ಲಿರುವ ನಿಕ್ಕಲ್‌ನದು. ಮೇಲಿನ ಕ್ರೋಮ್ ಸಾಮಾನ್ಯವಾಗಿ ಅರ್ಧ ಮೈಕ್ರಾನ್ ಕೂಡ ಇರುವುದಿಲ್ಲ. ನಿಕ್ಕಲ್ ಮಂಕಾಗದಂತೆ, ಬೇಗ ಗೀರು ಬೀಳದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಈ ಜೋಡಿಗೆ ಸತುವಿನ ಗುಣವಿಲ್ಲ. ಸೂಜಿಮೊನೆಯಷ್ಟು ರಂಧ್ರ ಉಳಿದರೂ ಅಡಿಯ ಕಬ್ಬಿಣವೇ ಮೊದಲು ಸವೆಯುತ್ತದೆ. ಹಳೆಯ ಆಫೀಸು ಕುರ್ಚಿಯ ಕಾಲು ನೋಡು: ಥಳಥಳ ಹೊಳೆಯುವ ಕೊಳವೆಯ ಮೇಲೆ ಸಾಸಿವೆಯಷ್ಟು ಕಂದು ಚುಕ್ಕೆ. ಉಗುರಿನಿಂದ ಕೆರೆದರೆ ಲೇಪ ಹೊಪ್ಪಳೆಯಾಗಿ ಎದ್ದು, ಕೆಳಗೆ ತುಕ್ಕಿನ ಪುಡಿ ಕಾಣುತ್ತದೆ. ‘ಕ್ರೋಮ್ ಮಾಡಿಕೊಡಿ’ ಎಂದಷ್ಟೇ ಹೇಳಿ ಬಂದರೆ ನಿಕ್ಕಲ್‌ನಲ್ಲಿ ಉಳಿತಾಯ ಮಾಡುವವರಿದ್ದಾರೆ. ಒಳಗಿನ ಬಳಕೆಗೆ 10 ಮೈಕ್ರಾನ್, ಹೊರಗಿನದಕ್ಕೆ 20-30 ಮೈಕ್ರಾನ್ ನಿಕ್ಕಲ್ ಕೇಳು. ಬಫಿಂಗ್‌ನಲ್ಲಿ ಹೋಗದ ಗೀರನ್ನು ಯಾವ ಕ್ರೋಮೂ ಮುಚ್ಚುವುದಿಲ್ಲ, ಇನ್ನಷ್ಟು ಎತ್ತಿ ತೋರಿಸುತ್ತದೆ.

ಹೈಟೆನ್ಸೈಲ್ ಬೋಲ್ಟಿನ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರು. ತಲೆಯ ಮೇಲೆ 10.9, 12.9 ಎಂದಿರುವ ಬೋಲ್ಟು ಆಸಿಡ್ಡಿನಲ್ಲಿ ಮಿಂದು, ತೊಟ್ಟಿಯಲ್ಲಿ ಸತು ಹತ್ತಿಸಿಕೊಳ್ಳುವಾಗ ಒಳಕ್ಕೆ ಹೈಡ್ರೋಜನ್ ಹೀರಿಕೊಳ್ಳಬಹುದು. ಕಣ್ಣಿಗೆ ಏನೂ ಕಾಣದು. ಬಿಗಿ ಮಾಡಿದ ಕೆಲವು ಗಂಟೆಗೋ ಮಾರನೆಯ ದಿನವೋ ತಲೆ ಪಟ್ಟನೆ ಹಾರುತ್ತದೆ. ಪ್ಲೇಟಿಂಗ್ ಆದ ಕೂಡಲೇ 200 ಡಿಗ್ರಿ ಆಸುಪಾಸಿನಲ್ಲಿ ಹಲವು ಗಂಟೆ ಬೇಕಿಂಗ್ ಮಾಡಿಸದೆ ಅಂಥ ಬೋಲ್ಟು ತೆಗೆದುಕೊಳ್ಳಬೇಡ.

ಮೈಗೆ ತಾಗುವ ಬಳೆ, ವಾಚಿನ ಪಟ್ಟಿಗೆ ನಿಕ್ಕಲ್ ಬೇಡ. ಹಲವರಿಗೆ ತುರಿಕೆ ಏಳುತ್ತದೆ. ಸತುವಿನ ಮೇಲೆ ಹಳದಿ ಪ್ಯಾಸಿವೇಷನ್ ಬೇಕಿದ್ದರೆ ಟ್ರೈವೇಲೆಂಟ್ ಕ್ರೋಮಿಯಂನದು ಕೇಳು. ಹಳೆಯ ಪದ್ಧತಿಯ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು, ತೊಟ್ಟಿಯ ಮುಂದೆ ನಿಲ್ಲುವ ಹುಡುಗನೇ ಅದರ ಹಬೆ ಕುಡಿಯುವವನು. ಕೊಳಚೆ ನೀರನ್ನು ಶುದ್ಧಮಾಡಿ ಬಿಡುವ ಅಂಗಡಿಗೇ ಕೆಲಸ ಕೊಡು, ರೇಟು ತುಸು ಹೆಚ್ಚಾದರೂ ಸರಿ.

ಲೇಪ ಯಾವುದು, ಎಷ್ಟು ಮೈಕ್ರಾನ್, ಬಳಕೆ ಎಲ್ಲಿ: ಈ ಮೂರನ್ನು ಬಾಯಲ್ಲಿ ಹೇಳಿ ಬರಬೇಡ, ಡ್ರಾಯಿಂಗಿನ ಮೇಲೇ ಬರೆದು ಕೊಡು. ಮಾಲು ವಾಪಸು ಬಂದಾಗ ದಪ್ಪ ಅಳೆಸಿ ನೋಡಿ, ಆಮೇಲೆ ಬಿಲ್ಲಿಗೆ ಸಹಿ ಹಾಕು.