ಬೆಲೆ ಇಳಿದ ದೊಡ್ಡ ಕಾರು



ಪೋರ್ಷೆ ಕಾಯೆನ್, ಬಿಎಂಡಬ್ಲ್ಯು ಎಕ್ಸ್5, ಮರ್ಸಿಡಿಸ್ ಎಂಎಲ್, ರೇಂಜ್ ರೋವರ್ ಸ್ಪೋರ್ಟ್ ಮೊದಲಾದ ಕಾರುಗಳು ಷೋರೂಮಿನಲ್ಲಿದ್ದಾಗ ತೀರ ದುಬಾರಿಯವು. ಹತ್ತು ಹನ್ನೆರಡು ವರ್ಷ ಓಡಿದ ಮೇಲೆ ಅವೇ ಕಾರುಗಳು ಹೊಸ ಸಾಧಾರಣ ಎಸ್‌ಯುವಿಯ ದರಕ್ಕೆ ಸಿಗುತ್ತವೆ. ಆದರೆ ಇಳಿಯುವುದು ಕಾರಿನ ಬೆಲೆ ಮಾತ್ರ. ಅದರ ಬ್ರೇಕ್ ಡಿಸ್ಕು, ಏರ್ ಸಸ್ಪೆನ್ಷನ್, ಟರ್ಬೊ, ಗೇರ್‌ಬಾಕ್ಸಿನ ಬೆಲೆ ದುಬಾರಿ ಕಾರಿನ ಲೆಕ್ಕದಲ್ಲೇ ಉಳಿಯುತ್ತದೆ. ಕಾರು ಹಳೆಯದಾದಷ್ಟೂ ಈ ಭಾಗಗಳು ಒಂದೊಂದಾಗಿ ಸವೆಯುತ್ತ ಬರುವುದರಿಂದ ಎರಡನೆಯ, ಮೂರನೆಯ ಒಡೆಯನ ಪಾಲಿಗೆ ಬರುವುದು ಕಡಿಮೆ ಬೆಲೆ ಮತ್ತು ಹೆಚ್ಚು ಖರ್ಚು.

ಇಂಥ ಕಾರುಗಳ ತೊಂದರೆಗಳಲ್ಲಿ ಬಹುಪಾಲಿನ ಬೇರು ಎರಡು: ಭಾರ ಮತ್ತು ಬಿಸಿ. 2002ರಲ್ಲಿ ಬಂದ ಮೊದಲ ಕಾಯೆನ್‌ನ ಟರ್ಬೊ ಮಾದರಿಯಲ್ಲಿ 4.5 ಲೀಟರಿನ ವಿ8 ಎಂಜಿನ್ 450 ಅಶ್ವಶಕ್ತಿ ಕೊಡುತ್ತಿತ್ತು. ಕಾರಿನ ತೂಕ 2,300 ಕಿಲೋಗ್ರಾಮಿಗೂ ಮೇಲಿತ್ತು. ಅಷ್ಟು ತೂಕವನ್ನು ಸ್ಪೋರ್ಟ್ಸ್ ಕಾರಿನ ವೇಗದಲ್ಲಿ ಓಡಿಸಿ, ಅದೇ ಚುರುಕಿನಲ್ಲಿ ನಿಲ್ಲಿಸಬೇಕಾದಾಗ ಸಸ್ಪೆನ್ಷನ್ ಬುಷ್, ಬ್ರೇಕ್, ಟಯರ್, ಗೇರ್‌ಬಾಕ್ಸ್ ಎಲ್ಲದರ ಮೇಲೂ ಒತ್ತಡ ಬೀಳುತ್ತದೆ. ಬಿಸಿಯ ಕೆಲಸ ಬಾನೆಟ್ಟಿನ ಕೆಳಗೆ ಕಣ್ಣಿಗೆ ಬೀಳದಂತೆ ನಡೆಯುತ್ತದೆ. ಮೊದಲ ಕಾಯೆನ್‌ನ ವಿ8ನಲ್ಲಿ ಕೂಲಂಟ್ ಹರಿಯುವ ಪ್ಲಾಸ್ಟಿಕ್ ಕೊಳವೆಗಳು ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ, ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿವೆ. ವರ್ಷಗಟ್ಟಲೆ ಬಿಸಿಗೆ ಪ್ಲಾಸ್ಟಿಕ್ ಪೆಡಸಾಗಿ ಬಿರುಕು ಬಿಡುತ್ತದೆ. ಇದಕ್ಕೆ ಪರಿಹಾರ ಅಲ್ಯೂಮಿನಿಯಂ ಕೊಳವೆ. ಅಂಥ ಕಾರು ನೋಡಲು ಹೋದವರು ಕೇಳಬೇಕಾದ ಮೊದಲ ಪ್ರಶ್ನೆ, ಆ ಬದಲಾವಣೆ ಆಗಿದೆಯೇ, ಆಗಿದ್ದರೆ ಬಿಲ್ ಎಲ್ಲಿದೆ ಎಂಬುದು.

ಬಿಎಂಡಬ್ಲ್ಯುವಿನ 4.4 ಲೀಟರ್ ಅವಳಿ ಟರ್ಬೊ ವಿ8ನಲ್ಲಿ ಟರ್ಬೊಗಳೇ ಆ ಕಣಿವೆಯಲ್ಲಿ ಕೂತಿವೆ. ಆ ಶಾಖಕ್ಕೆ ವಾಲ್ವ್ ಸೀಲುಗಳು ಗಟ್ಟಿಯಾಗಿ ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ. ಈ ಎಂಜಿನ್ನಿನ ದೂರುಗಳು ಎಷ್ಟು ಬಂದವೆಂದರೆ 2014ರ ಕೊನೆಯಲ್ಲಿ ಕಂಪನಿ ಅಮೆರಿಕದಲ್ಲಿ ಅದಕ್ಕೆಂದೇ ಪ್ರತ್ಯೇಕ ದುರಸ್ತಿ ಕಾರ್ಯಕ್ರಮ ನಡೆಸಬೇಕಾಯಿತು. ಮರ್ಸಿಡಿಸ್‌ನ 6.2 ಲೀಟರ್ ಎಎಂಜಿ ಎಂಜಿನ್ನಿನ ಮೊದಲ ವರ್ಷಗಳ ಘಟಕಗಳಲ್ಲಿ ಸಿಲಿಂಡರ್ ಹೆಡ್ ಬೋಲ್ಟುಗಳು ತುಕ್ಕು ಹಿಡಿದು ಮುರಿದದ್ದುಂಟು. ರೇಂಜ್ ರೋವರ್‌ನ 5.0 ಲೀಟರ್ ವಿ8ಗೆ ಟೈಮಿಂಗ್ ಚೈನ್ ಗೈಡುಗಳ ಸವೆತ, 3.0 ಲೀಟರ್ ಡೀಸೆಲ್ಲಿಗೆ ಕ್ರ್ಯಾಂಕ್‌ಶಾಫ್ಟ್ ಮುರಿತ ಅಂಟಿಕೊಂಡ ಹೆಸರು. ಎಲ್ಲ ಕಾರಿಗೂ ಇದೇ ಗತಿ ಎಂದಲ್ಲ. ಆದರೆ ಯಾವ ಎಂಜಿನ್ನಿನ ರೋಗ ಯಾವುದೆಂದು ತಿಳಿಯದೆ ಅಡ್ವಾನ್ಸ್ ಕೊಡಬಾರದು.

ಬೆಳಗಾವಿಯಲ್ಲಿ ಇದ್ದುಕೊಂಡು ಇಂಥ ಕಾರು ಸಾಕುವವರಿಗೆ ವಿ8 ಪೆಟ್ರೋಲಿಗಿಂತ ಆರು ಸಿಲಿಂಡರಿನ ಮೂರು ಲೀಟರ್ ಡೀಸೆಲ್ ಹೆಚ್ಚು ಹೊಂದುತ್ತದೆ. ಅದರಲ್ಲೂ ಭಾರತದಲ್ಲೇ ಜೋಡಣೆಯಾದ ಮಾದರಿಗಳು ಮೇಲು: ಎಕ್ಸ್5 ಚೆನ್ನೈಯಲ್ಲಿ, ಎಂಎಲ್ ಪುಣೆಯ ಚಾಕಣದಲ್ಲಿ, ಆಡಿ ಕ್ಯೂ7 ಔರಂಗಾಬಾದಿನಲ್ಲಿ ಜೋಡಣೆಯಾದವು, ಇವುಗಳ ಸಂಖ್ಯೆ ಹೆಚ್ಚು, ಬಿಡಿಭಾಗಗಳ ಓಡಾಟವೂ ಹೆಚ್ಚು. ಡೀಸೆಲ್ ಎಂದರೆ ಚಿಂತೆಯೇ ಇಲ್ಲ ಎಂದೂ ಅಲ್ಲ. 2010ರ ನಂತರದ ಎಕ್ಸ್5 ಡೀಸೆಲ್ಲಿನಲ್ಲಿ ಟೈಮಿಂಗ್ ಚೈನ್ ಎಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸಿನ ಪಕ್ಕ ಇದೆ. ಅದು ಗಲಗಲ ಸದ್ದು ಮಾಡತೊಡಗಿದರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸದೆ ಕೈ ಹಾಕಲಾಗದು.

ಪೆಟ್ರೋಲ್ ಕಾರೇ ಬೇಕೆಂದರೆ ಇಂಧನದ ಪ್ರಶ್ನೆ ಬೇರೆ. ಯುರೋಪಿನ ಈ ಎಂಜಿನ್ನುಗಳು 95ರಿಂದ 98 ಆಕ್ಟೇನಿನ ಪೆಟ್ರೋಲಿಗೆಂದು ರೂಪುಗೊಂಡವು. ಎಥನಾಲ್ ಮಿಶ್ರಣವೂ ಶೇ 10ರವರೆಗೆ ಎಂದೇ ಆ ಕಾಲದ ಕಂಪನಿಗಳು ಹೇಳಿದ್ದವು. ಈಗ ಬಂಕುಗಳಲ್ಲಿ ಬರುತ್ತಿರುವುದು ಶೇ 20ರ ಮಿಶ್ರಣ. ಬೆಳಗಾವಿ ಜಿಲ್ಲೆಯ ಕಬ್ಬಿನ ಗದ್ದೆಗಳಿಗೆ ಎಥನಾಲ್ ಒಳ್ಳೆಯ ಸುದ್ದಿ, ಆದರೆ ಹಳೆಯ ಕಾಯೆನ್‌ನ ರಬ್ಬರ್ ಪೈಪುಗಳಿಗೂ ಇಂಧನ ಪಂಪಿಗೂ ಅಲ್ಲ.

ಎಂಜಿನ್ ಬಿಟ್ಟರೆ ದೊಡ್ಡ ಖರ್ಚಿನ ಜಾಗ ನಾಲ್ಕು ಚಕ್ರಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್. ಅದು ಕೆಡಲು ಒಂದು ಸಾಮಾನ್ಯ ಕಾರಣ ಟಯರ್ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಮುಂದಿನ ಟಯರ್ ಹೊಸದು, ಹಿಂದಿನದು ಸವೆದದ್ದು, ಅಥವಾ ನಾಲ್ಕಕ್ಕೆ ಮೂರು ಬ್ರ್ಯಾಂಡು ಎಂದಾದರೆ ಚಕ್ರಗಳ ಸುತ್ತಳತೆ ಬೇರೆಬೇರೆಯಾಗುತ್ತದೆ. ಒಂದೇ ಹಾದಿಯಲ್ಲಿ ಅವು ಬೇರೆ ಬೇರೆ ಲೆಕ್ಕದಲ್ಲಿ ಸುತ್ತುತ್ತವೆ, ಆ ವ್ಯತ್ಯಾಸವನ್ನು ಟ್ರಾನ್ಸ್‌ಫರ್ ಕೇಸಿನ ಕ್ಲಚ್ಚು ಸದಾ ಜಾರುತ್ತ ನುಂಗಬೇಕಾಗುತ್ತದೆ. ಆದ್ದರಿಂದ ಕಾರಿನ ಸುತ್ತ ಒಂದು ಸಲ ಬಗ್ಗಿ ನಡೆದು ಟಯರುಗಳ ಮೇಲಿನ ಬರಹ ಓದಬೇಕು. ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ. 3219 ಎಂದಿದ್ದರೆ 2019ರ 32ನೆಯ ವಾರದ ಟಯರ್. ಒಡೆಯ ಕಾರನ್ನು ಹೇಗೆ ನೋಡಿಕೊಂಡಿದ್ದಾನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಅಪರೂಪ. ಗೇರ್‌ಬಾಕ್ಸಿನ ಆಯಿಲ್ ಬಗ್ಗೆಯೂ ಒಂದು ತಪ್ಪು ನಂಬಿಕೆ ಇದೆ. ಕಾರಿನ ಆಯುಷ್ಯವಿಡೀ ಬದಲಿಸಬೇಕಿಲ್ಲ ಎಂದು ಕಾರು ಕಂಪನಿಗಳು ಹೇಳಿದರೂ, ಅನೇಕ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೆ ಬದಲಿಸಬೇಕೆನ್ನುತ್ತದೆ.

ಏರ್ ಸಸ್ಪೆನ್ಷನ್ ಬೆಳಗಾವಿಯಿಂದ ಖಾನಾಪುರದ ಕಡೆ ಓಡಾಡುವವರಿಗೆ ನಿಜಕ್ಕೂ ಉಪಕಾರಿ. ಗುಂಡಿ ಬಿದ್ದ ಹಾದಿಯಲ್ಲಿ ಕಾರನ್ನು ಎತ್ತಿ ನಡೆಸಬಹುದು. ಆದರೆ ಅದರ ರಬ್ಬರ್ ಗಾಳಿಚೀಲಗಳು ವಯಸ್ಸಾದಂತೆ ಮಡಿಕೆಗಳಲ್ಲಿ ಬಿರುಕು ಬಿಡುತ್ತವೆ. ಸೋರುವ ಗಾಳಿಯನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಅದೂ ಸುಡುತ್ತದೆ. ಇದನ್ನು ಪತ್ತೆ ಹಚ್ಚಲು ಯಂತ್ರ ಬೇಕಿಲ್ಲ. ಸಂಜೆ ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ ಪ್ರತಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪು ಹಿಡಿದು ಅಳೆಯಬೇಕು, ಬೆಳಿಗ್ಗೆ ಎಂಜಿನ್ ಹಚ್ಚುವ ಮೊದಲು ಮತ್ತೆ ಅಳೆಯಬೇಕು. ಒಂದು ಮೂಲೆ ಕುಸಿದಿದ್ದರೆ ಸೋರಿಕೆ ಅಲ್ಲೇ. ಕಾರನ್ನು ಒಂದು ರಾತ್ರಿ ಹಾಗೆ ನಿಲ್ಲಿಸಲು ಒಪ್ಪದ ಮಾರಾಟಗಾರನ ಜೊತೆ ಮಾತು ಮುಂದುವರಿಸದಿರುವುದು ಲೇಸು.

ನೀರಿನ ವಿಷಯಕ್ಕೆ ಈ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕು. 2019ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆ, ಕೊಲ್ಹಾಪುರ, ಸಾಂಗ್ಲಿ ಮೂರೂ ಕಡೆ ಪ್ರವಾಹ ಬಂತು; 2021ರ ಜುಲೈಯಲ್ಲಿ ಕೊಲ್ಹಾಪುರ, ಸಾಂಗ್ಲಿಗಳ ಜೊತೆ ಕೊಂಕಣದ ಚಿಪಳೂಣವೂ ಮುಳುಗಿತು. ಬೆಳಗಾವಿಯ ಸೆಕೆಂಡ್ ಹ್ಯಾಂಡ್ ಪೇಟೆಗೆ ಈ ಊರುಗಳೆಲ್ಲ ಕೈಗೆಟುಕುವ ದೂರ. ಆದ್ದರಿಂದ ಎಂಎಚ್ 08, 09 ಅಥವಾ 10ರ ನಂಬರಿನ ಕಾರು ನೋಡುವಾಗ ಆ ಎರಡು ಮಳೆಗಾಲಗಳಲ್ಲಿ ಅದು ಎಲ್ಲಿತ್ತೆಂದು ವಿಚಾರಿಸುವುದು, ಇನ್ಶೂರೆನ್ಸ್ ಕ್ಲೇಮಿನ ಇತಿಹಾಸ ತೆಗೆಸುವುದು ಅಗತ್ಯ. ಸಾಧಾರಣ ಕಾರು ನೀರಲ್ಲಿ ನಿಂತರೆ ಸೀಟು, ಕಾರ್ಪೆಟ್ ಬದಲಿಸಿ ಸುಧಾರಿಸಬಹುದು. ಈ ಕಾರುಗಳಲ್ಲಿ ಬ್ಯಾಟರಿ, ಕಂಟ್ರೋಲ್ ಯೂನಿಟ್ಟುಗಳು, ದಪ್ಪ ವೈರಿಂಗ್ ಗಂಟುಗಳು ಇರುವುದೇ ತಗ್ಗಿನಲ್ಲಿ: ಕಾಯೆನ್‌ನಲ್ಲಿ ಬ್ಯಾಟರಿ ಮುಂದಿನ ಸೀಟಿನ ಅಡಿ, ಎಕ್ಸ್5ನಲ್ಲಿ ಡಿಕ್ಕಿಯ ನೆಲದಡಿ. ಒಮ್ಮೆ ನೀರು ಕುಡಿದ ವೈರಿಂಗ್ ಎರಡು ವರ್ಷವಾದ ಮೇಲೂ ಕಾಡುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ನೀರಿನ ಗೆರೆ ಕಾಣಿಸೀತು. ಸೀಟಿನ ಹಳಿಗಳ ಬೋಲ್ಟು, ಸ್ಟೆಪ್ನಿ ಇಡುವ ಗುಂಡಿ, ಡ್ಯಾಶ್‌ಬೋರ್ಡಿನ ಕೆಳಗಿನ ಕಬ್ಬಿಣದ ತೊಲೆಯ ಹಿಂಭಾಗ, ಇವಿಷ್ಟನ್ನು ಟಾರ್ಚ್ ಹಿಡಿದು ನೋಡಬೇಕು. ತೊಳೆಯುವವರ ಕೈ ಅಲ್ಲಿಗೆ ಹೋಗುವುದಿಲ್ಲ, ನೆರೆಯ ಸಣ್ಣ ಮಣ್ಣು ಅಲ್ಲೇ ಉಳಿದಿರುತ್ತದೆ.

ನೆರೆ ಕಾಣದ ಕಾರಿಗೂ ನೀರು ಹೊಗುವ ಇನ್ನೊಂದು ದಾರಿ ಸನ್‌ರೂಫ್. ಅದರ ನಾಲ್ಕು ಮೂಲೆಯ ಸಣ್ಣ ಕೊಳವೆಗಳು ಮಳೆನೀರನ್ನು ಕೆಳಗೆ ಬಿಡುತ್ತವೆ. ಬೆಳಗಾವಿಯ ಕ್ಯಾಂಪ್, ಟಿಳಕವಾಡಿಯ ಹಳೆಯ ಮರಗಳ ಕೆಳಗೆ ನಿಲ್ಲುವ ಕಾರಿನಲ್ಲಿ ಎಲೆಚೂರು ಸೇರಿ ಅವು ಕಟ್ಟಿಕೊಳ್ಳುತ್ತವೆ. ಖಾನಾಪುರದ ಕಡೆಯ ಕಣಕುಂಬಿ, ಜಾಂಬೋಟಿಯ ಜಡಿಮಳೆಯಲ್ಲಿ ಒಂದು ದಿನ ಸಾಕು, ನೀರು ಕಾರ್ಪೆಟ್ಟಿನಡಿ ಇಳಿಯುತ್ತದೆ. ಸನ್‌ರೂಫ್ ಚೌಕಟ್ಟಿಗೆ ಒಂದು ಲೋಟ ನೀರು ಸುರಿದು, ಅದು ಚಕ್ರದ ಬಳಿ ಹೊರಬರುತ್ತದೆಯೇ ಎಂದು ನೋಡಬೇಕು.

ಟೆಸ್ಟ್ ಡ್ರೈವ್ ಎಂದು ಬೆಳಗಾವಿಯ ಕಾಲೇಜು ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದರೆ ಏನೂ ತಿಳಿಯುವುದಿಲ್ಲ. ಕಾರು ರಾತ್ರಿಯಿಡೀ ತಣ್ಣಗೆ ನಿಂತಿರಬೇಕು. ಮಾರುವವರು ಮೊದಲೇ ಹಚ್ಚಿ ಬಿಸಿ ಮಾಡಿಟ್ಟಿದ್ದರೆ ಮತ್ತೊಂದು ದಿನ ಹೋಗಬೇಕು. ತಣ್ಣನೆಯ ಎಂಜಿನ್ನಿನ ಮೊದಲ ಕೆಲವು ಸೆಕೆಂಡುಗಳಲ್ಲಿ ಚೈನಿನ ಸದ್ದು, ನೀಲಿ ಹೊಗೆ ಎರಡೂ ಗೊತ್ತಾಗುತ್ತವೆ. ನಂತರ ಊರೊಳಗಿನ ನಿಧಾನದ ಸಂಚಾರದಲ್ಲಿ ಗೇರ್ ಒಂದರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಬೀಳುವಾಗ ಎಳೆತ, ತಟ್ಟು ಇದೆಯೇ ಎಂದು ಗಮನಿಸಬೇಕು. ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಮೆಲ್ಲನೆ ಚಲಿಸಿದಾಗ ಕಾರು ಜಗ್ಗಿದರೆ, ಕುಪ್ಪಳಿಸಿದರೆ ಟ್ರಾನ್ಸ್‌ಫರ್ ಕೇಸಿನ ಮೇಲೆ ಸಂಶಯ ಪಡಬೇಕು. ಆಮೇಲೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕಾಕತಿ ದಾಟಿ ವಂಟಮುರಿ ಘಾಟಿನ ಏರು; ಆ ಏರಿನಲ್ಲಿ ತಾಪಮಾನದ ಮುಳ್ಳು ಕದಲಬಾರದು, ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಬಾರದು. ಕೊನೆಗೆ ಹೆದ್ದಾರಿ 748ರಲ್ಲಿ ಖಾನಾಪುರದವರೆಗೆ ಹೋಗಿ ಅಲ್ಲಿಂದ ಜಾಂಬೋಟಿ ಕಡೆಗೆ ಹೊರಳಬೇಕು. ಹೆದ್ದಾರಿಯಲ್ಲಿ ಮೌನವಾಗಿದ್ದ ಬುಷ್‌ಗಳು ಆ ರಸ್ತೆಯಲ್ಲಿ ಬಾಯಿ ಬಿಡುತ್ತವೆ. ಮರಳಿ ಬಂದ ಮೇಲೆ ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟು, ಕೆಳಗೆ ರಟ್ಟು ಹಾಸಿ ಹನಿ ಬೀಳುತ್ತದೆಯೇ ನೋಡಬೇಕು.

ಇಷ್ಟಾದ ಮೇಲೂ ಸ್ಕ್ಯಾನರ್ ಪರೀಕ್ಷೆ ಬಿಡುವಂತಿಲ್ಲ. ಡಿಜಿಟಲ್ ಮೀಟರಿನ ಕಿಲೋಮೀಟರ್ ಇಳಿಸುವುದು ಸುಲಭ. ಆದರೆ ಅನೇಕ ಮಾದರಿಗಳಲ್ಲಿ ಗೇರ್‌ಬಾಕ್ಸ್, ಲೈಟ್, ಕೀಲಿಗಳ ಒಳಗೂ ಲೆಕ್ಕ ಉಳಿದಿರುತ್ತದೆ, ಎಲ್ಲವೂ ತಾಳೆಯಾಗಬೇಕು. ಚಾಸಿ ನಂಬರ್ ಕೊಟ್ಟು ಅಧಿಕೃತ ವರ್ಕ್‌ಶಾಪಿನಿಂದ ಹಳೆಯ ಸರ್ವಿಸ್ ದಾಖಲೆ ಕೇಳಬೇಕು; ಅದಕ್ಕೆ ಒಡೆಯನೇ ಒಪ್ಪಿಗೆ ಕೊಡಬೇಕಾಗಬಹುದು. ಕಾಯೆನ್ ಕೊಳ್ಳುವವರಿಗೆ ಪೋರ್ಷೆ ಕೇಂದ್ರಗಳಿರುವ ಬೆಂಗಳೂರು ಮತ್ತು ಮುಂಬೈ ಬೆಳಗಾವಿಯಿಂದ ಎರಡೂ ಸುಮಾರು 500 ಕಿಲೋಮೀಟರ್. ಕೆಟ್ಟು ನಿಂತ ಕಾರನ್ನು ಅಷ್ಟು ದೂರ ಟ್ರಕ್ಕಿನ ಮೇಲೆ ಸಾಗಿಸುವ ಖರ್ಚು ಮೊದಲೇ ಲೆಕ್ಕದಲ್ಲಿರಬೇಕು. ಸಮಾಧಾನದ ಸಂಗತಿಯೂ ಇದೆ. ಬೆಳಗಾವಿ ಎಂದರೆ ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪುಗಳ ಊರು. ಲೋಹದ ಕೆಲಸಕ್ಕೆ ಇಲ್ಲಿ ಕೈಗಳ ಕೊರತೆ ಇಲ್ಲ. ಬುಷ್ ಒತ್ತುವುದು, ಹೆಡ್ ಸಮ ಮಾಡುವುದು, ಮುರಿದ ಬೋಲ್ಟ್ ತೆಗೆಯುವುದು ಇಲ್ಲೇ ಆಗುತ್ತದೆ. ಕಂಟ್ರೋಲ್ ಯೂನಿಟ್ ಬದಲಿಸಿ ಕಾರಿಗೆ ಹೊಂದಿಸುವ ಕೋಡಿಂಗ್ ಕೆಲಸಕ್ಕೆ ಮಾತ್ರ ಆ ಬ್ರ್ಯಾಂಡಿನ ಸಾಫ್ಟ್‌ವೇರ್ ಇರುವ ಕಡೆಗೇ ಹೋಗಬೇಕು. ಅಂಥ ಮೆಕ್ಯಾನಿಕ್ ಯಾರೆಂದು ಕಾರು ಹುಡುಕುವ ಮೊದಲೇ ಹುಡುಕಿಕೊಂಡಿರಬೇಕು.

ಕಾಗದದ ಕಡೆ ಹೆಚ್ಚು ಜನ ಎಡವುವುದು ಹೊರರಾಜ್ಯದ ಕಾರಿನಲ್ಲಿ. ದಿಲ್ಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಕಾರು ಓಡಿಸಬಾರದೆಂಬ ಆದೇಶವನ್ನು 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಗಟ್ಟಿ ಮಾಡಿದ ಮೇಲೆ ಅಲ್ಲಿನ ದೊಡ್ಡ ಡೀಸೆಲ್ ಕಾರುಗಳು ಅಗ್ಗವಾದವು. ಆ ಅಗ್ಗದ ಬೆಲೆಯನ್ನು ಕರ್ನಾಟಕದ ತೆರಿಗೆ ನುಂಗಬಲ್ಲದು. ಇಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಹೊರರಾಜ್ಯದಿಂದ ಬಂದ ಕಾರಿಗೆ ವಯಸ್ಸಿನ ರಿಯಾಯಿತಿ ಉಂಟು. ಆದರೆ ಲೆಕ್ಕ ಶುರುವಾಗುವುದು ಕಾರಿನ ಮೂಲ ಬೆಲೆಯಿಂದ, ಈಗ ಕೊಟ್ಟ ಬೆಲೆಯಿಂದಲ್ಲ. ಮಹಾರಾಷ್ಟ್ರ, ಗೋವಾದ ನಂಬರನ್ನು ಹಾಗೇ ಇಟ್ಟುಕೊಂಡು ಓಡಿಸುವ ಸಲಹೆ ಗಡಿನಾಡಿನಲ್ಲಿ ಧಾರಾಳವಾಗಿ ಸಿಗುತ್ತದೆ. ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನಂತೆ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟ ವಾಹನಕ್ಕೆ ಹೊಸ ನಂಬರ್ ಪಡೆಯಲೇಬೇಕು. ಆ ಸಲಹೆಯನ್ನು ಕೇಳಬಾರದು. ಬೆಳಗಾವಿಯವರಿಗೆ ಕೆಎ 22ರ, ಇಲ್ಲವೇ ರಾಜ್ಯದೊಳಗಿನ ಯಾವುದೇ ನಂಬರಿನ ಕಾರು ನೆಮ್ಮದಿಯದು.

ಹೊರರಾಜ್ಯದ ಕಾರಾದರೆ ನಮೂನೆ 28ರ ಎನ್‌ಒಸಿ, ವರ್ಗಾವಣೆಗೆ 29 ಮತ್ತು 30, ಸಾಲವಿದ್ದ ಕಾರಾದರೆ ಬ್ಯಾಂಕಿನ ಸಹಿಯಿರುವ 35 ಕೈಗೆ ಬರಬೇಕು. ಆರ್‌ಸಿಯ ಮೇಲಿನ ಸಾಲದ ನಮೂದು ತೆಗೆಯದೆ ಪೂರ್ತಿ ಹಣ ಕೊಡಬಾರದು. ಕೊಂಡವರು 30 ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕೆಂಬುದು ಕಾನೂನು. ಮಾರಿದ ಮೇಲೂ ಆರ್‌ಸಿಯಲ್ಲಿ ಹೆಸರು ಉಳಿದವನೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೀಗಾಗಿ ಬೇಗ ಹೆಸರು ಬದಲಾಗುವುದು ಮಾರಿದವರಿಗೂ ಬೇಕಾದದ್ದೇ. ಹದಿನೈದು ವರ್ಷ ತುಂಬುತ್ತಿರುವ ಕಾರಾದರೆ ನೋಂದಣಿ ನವೀಕರಿಸಬೇಕು. ಪೂರ್ತಿ ಆಮದಾದ ಕಾರಿಗೆ ಈ ಶುಲ್ಕವನ್ನು 2022ರ ಏಪ್ರಿಲಿನಿಂದ 40,000 ರೂಪಾಯಿಗೆ ಏರಿಸಲಾಯಿತು. ಕಾಯೆನ್ ಈ ಗುಂಪಿನದು.

ಇನ್ಶೂರೆನ್ಸ್ ಪಾಲಿಸಿಯನ್ನು 14 ದಿನಗಳೊಳಗೆ ಹೊಸ ಹೆಸರಿಗೆ ಮಾಡಿಸಬೇಕು. ಇಲ್ಲದಿದ್ದರೆ ಕಾರಿಗೆ ಆದ ಹಾನಿಯ ಕ್ಲೇಮು ನಿಲ್ಲುವುದಿಲ್ಲ. ಐದು ವರ್ಷ ದಾಟಿದ ಕಾರಿನ ವಿಮಾ ಮೌಲ್ಯವನ್ನು ಎರಡೂ ಕಡೆಯವರು ಮಾತಾಡಿ ನಿಗದಿ ಮಾಡುವುದು ಪದ್ಧತಿ. ಬಿಡಿಭಾಗದ ಪೂರ್ತಿ ಬೆಲೆ ಕೊಡುವ ಪಾಲಿಸಿ ಇಷ್ಟು ಹಳೆಯ ಕಾರಿಗೆ ಸಾಮಾನ್ಯವಾಗಿ ಸಿಗದ ಕಾರಣ ಒಂದು ಹೆಡ್‌ಲೈಟ್ ಒಡೆದರೂ ದೊಡ್ಡ ಪಾಲು ಕೈಯಿಂದಲೇ ಹೋಗುತ್ತದೆ. ಇದನ್ನೆಲ್ಲ ಕೂಡಿಸಿ ನೋಡಿದರೆ, ಕಾರಿಗೆ ಕೊಡುವ ಬೆಲೆಯ ಅರ್ಧದಷ್ಟು ಹಣ ಬ್ಯಾಂಕಿನಲ್ಲಿ ಬೇರೆಯಾಗಿ ಇರಬೇಕು, ಅದು ಸಾಲದ್ದಾಗಿರಬಾರದು. ಮೊದಲ ಮೂರು ತಿಂಗಳಲ್ಲೇ ಅದರ ಒಂದು ಭಾಗ ಎಲ್ಲ ಆಯಿಲ್, ಕೂಲಂಟ್, ಬ್ರೇಕ್ ದ್ರವ, ಬೆಲ್ಟು, ಬ್ಯಾಟರಿ, ಬೇಕಾದರೆ ನಾಲ್ಕೂ ಟಯರಿಗೆ ಹೋಗುತ್ತದೆ. ಅಷ್ಟು ಹಣ ಇನ್ನೂ ಕೂಡಿಲ್ಲದಿದ್ದರೆ ಕೂಡುವವರೆಗೆ ಕಾಯಬಹುದು. ಈ ಕಾರುಗಳ ಬೆಲೆ ಅಷ್ಟರಲ್ಲಿ ಇನ್ನಷ್ಟು ಇಳಿದಿರುತ್ತದೆ.