ಆಪರೇಷನ್‌ಗೆ ಮುಂಚೆ: ಭಯಕ್ಕೊಂದು ಮದ್ದು, ನೋವಿಗೊಂದು ಮದ್ದು

ಹರ್ನಿಯಾ, ಕೊಬ್ಬಿನ ಗಡ್ಡೆ, ಮಕ್ಕಳ ಖತ್ನಾ – ವೈದ್ಯರಿಗೆ ಇವು ಸಣ್ಣ ಶಸ್ತ್ರಚಿಕಿತ್ಸೆಗಳು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಕೋಲಾರದ ಜಿಲ್ಲಾಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ಬರುವ ರೋಗಿಗೆ ಮಾತ್ರ ಯಾವುದೂ ಸಣ್ಣದಲ್ಲ. ಭಯ ಹೆಚ್ಚಿದ್ದರೆ ನಂತರದ ನೋವೂ ಹೆಚ್ಚೆನಿಸುತ್ತದೆ. ಅದಕ್ಕೇ ಕೆಲವರಿಗೆ ಮೊದಲೇ ಔಷಧಿ ಕೊಡುತ್ತಾರೆ. ಆದರೆ ಎಲ್ಲ ಔಷಧಿಯ ಕೆಲಸವೂ ಒಂದೇ ಅಲ್ಲ.

ಭಯಕ್ಕೆ: ಮಿಡಜೋಲಾಮ್, ಆಲ್ಪ್ರಜೋಲಾಮ್, ಲೊರಜೆಪಾಮ್. ಇವು ಮನಸ್ಸನ್ನು ಶಾಂತಗೊಳಿಸಿ ಮಂಪರು ತರುತ್ತವೆ. ಮಕ್ಕಳಿಗೆ ಕುಡಿಸುವ ಮಿಡಜೋಲಾಮ್ ಸುಮಾರು ಅರ್ಧ ಗಂಟೆಯಲ್ಲಿ ಕೆಲಸ ಮಾಡುತ್ತದೆ. ಆದರೆ ಇವು ನೋವು ನಿವಾರಕಗಳಲ್ಲ.

ನೋವಿಗೆ: ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್. ಇವು ನಂತರದ ನೋವನ್ನು ತಗ್ಗಿಸುತ್ತವೆ, ಭಯವನ್ನಲ್ಲ. ಮೂತ್ರಪಿಂಡದ ತೊಂದರೆ, ಹೊಟ್ಟೆ ಹುಣ್ಣು, ಆಸ್ತಮಾ ಇದ್ದವರಿಗೆ ಡೈಕ್ಲೋಫೆನಾಕ್ ಅಪಾಯ ತರಬಹುದು.

ಎರಡಕ್ಕೂ ಸ್ವಲ್ಪ ಸ್ವಲ್ಪ: ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್. ಮೂರ್ಛೆ ರೋಗಕ್ಕೂ ನರದ ನೋವಿಗೂ ಕೊಡುವ ಇವನ್ನು ಕೆಲವು ವೈದ್ಯರು ಒಂದೆರಡು ಗಂಟೆ ಮೊದಲು ಕೊಡುತ್ತಾರೆ. ತಲೆಸುತ್ತು ಬರಬಹುದು, ವಯಸ್ಸಾದವರಲ್ಲಿ, ಶ್ವಾಸಕೋಶದ ಕಾಯಿಲೆ ಇದ್ದವರಲ್ಲಿ ಉಸಿರಾಟ ಕುಂಠಿತವಾಗಬಹುದು. ರಕ್ತದೊತ್ತಡದ ಔಷಧಿಯಾದ ಕ್ಲೋನಿಡಿನ್ ಕೂಡ ಶಾಂತಗೊಳಿಸುತ್ತದೆ, ಆದರೆ ಬಿ.ಪಿ. ಇಳಿಸುತ್ತದೆ.

ಹಾಗಾದರೆ ಎಲ್ಲರಿಗೂ ಮಾತ್ರೆ ಬೇಕೇ? ಬೇಡ. ಪೂರ್ಣ ಅರಿವಳಿಕೆ ಪಡೆದ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಫ್ರಾನ್ಸಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೊರಜೆಪಾಮ್ ಪಡೆದವರ ಅನುಭವ ಉಳಿದವರಿಗಿಂತ ಉತ್ತಮವಾಗಿರಲಿಲ್ಲ. ಅವರು ಚೇತರಿಸಿಕೊಳ್ಳಲು ಹೆಚ್ಚು ಸಮಯ ಹಿಡಿಯಿತು. ಅರಿವಳಿಕೆ ತಜ್ಞರು ಹತ್ತು ನಿಮಿಷ ಕುಳಿತು ವಿವರಿಸಿದರೆ ಎಷ್ಟೋ ಭಯ ಇಳಿಯುತ್ತದೆ. ಸಂಕೋಚಪಡದೆ ಕೇಳಿ.

ನೀವು ಮಾಡಬೇಕಾದದ್ದು

• ಮನೆಯಲ್ಲಿ ಉಳಿದ ನಿದ್ದೆ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ಆಸ್ಪತ್ರೆಯ ಔಷಧಿಯೊಂದಿಗೆ ಸೇರಿದರೆ ಉಸಿರಾಟಕ್ಕೇ ತೊಂದರೆಯಾಗಬಹುದು.

• ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಗಳು, ನಾಟಿ ಔಷಧಿ, ಹಿಂದಿನ ಅಲರ್ಜಿ – ಎಲ್ಲವನ್ನೂ ಹೇಳಿ.

• ಸಾಮಾನ್ಯವಾಗಿ ಆಹಾರವನ್ನು 6 ಗಂಟೆ, ನೀರನ್ನು 2 ಗಂಟೆ ಮೊದಲು ನಿಲ್ಲಿಸಬೇಕು. ನಿಮ್ಮ ವೈದ್ಯರು ಹೇಳಿದ ಸಮಯವೇ ಅಂತಿಮ.

• ಮಗುವಿಗೆ "ನೋವೇ ಆಗುವುದಿಲ್ಲ" ಎಂದು ಸುಳ್ಳು ಹೇಳಬೇಡಿ. "ಸ್ವಲ್ಪ ನೋವಾಗುತ್ತೆ, ಔಷಧಿ ಕೊಡ್ತಾರೆ, ನಾನು ಹತ್ತಿರಾನೇ ಇರ್ತೀನಿ" ಎನ್ನಿ.

• ಅದೇ ದಿನ ಮನೆಗೆ ಕಳುಹಿಸಿದರೆ ರೋಗಿ ಬೈಕ್ ಓಡಿಸಲೇಬಾರದು. 24 ಗಂಟೆ ಕಾಯಬೇಕು. ಊರಿಗೆ ಕರೆದೊಯ್ಯಲು, ಆ ರಾತ್ರಿ ಜೊತೆಗಿರಲು ವಯಸ್ಕರೊಬ್ಬರು ಬರಲಿ. ಮಂಪರು ಕಳೆದಂತೆ ಕಂಡರೂ ಕೈಕಾಲಿನ ಚುರುಕು ತಡವಾಗಿ ಮರಳುತ್ತದೆ.