ಗಂಟಿನ ಗುಟ್ಟು

ಮೈಯಲ್ಲಿ ಎಲ್ಲಿಯೋ ಒಂದು ಗಂಟು ಕಾಣಿಸಿಕೊಳ್ಳುತ್ತದೆ. ವೈದ್ಯರು ಮುಟ್ಟಿ ನೋಡಿ, ಕ್ಷ-ಕಿರಣದ ಚಿತ್ರವನ್ನೂ ತೆಗೆಸಿ, ಕೊನೆಗೆ "ಒಂದು ಚೂರು ತೆಗೆದು ಪರೀಕ್ಷೆಗೆ ಕಳುಹಿಸಬೇಕು" ಎನ್ನುತ್ತಾರೆ. ಮನೆಮಂದಿಯ ಎದೆ ಝಲ್ಲೆನ್ನುತ್ತದೆ. "ಕತ್ತಿ ತಗಲಿದರೆ ರೋಗ ಹರಡುತ್ತದಂತೆ" ಎಂದು ಯಾರೋ ಹೇಳುತ್ತಾರೆ; ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಈ ಭಯಕ್ಕೆ ಆಧಾರವಿದೆಯೆ? ಆ ಚೂರಿನಿಂದ ತಿಳಿಯುವುದಾದರೂ ಏನು? ವಿಚಾರ ಮಾಡೋಣ.

ಕ್ಷ-ಕಿರಣದ ಚಿತ್ರವು ವಾಸ್ತವವಾಗಿ ನೆರಳಿನ ಚಿತ್ರ. ಅದು ಗಂಟಿನ ಸ್ಥಳ, ಗಾತ್ರ, ಆಕಾರಗಳನ್ನು ತೋರಿಸಬಲ್ಲುದು. ಸ್ವಭಾವವನ್ನು ಅನೇಕ ವೇಳೆ ಖಚಿತವಾಗಿ ಹೇಳಲಾರದು. ಕ್ಷಯದ ಗಂಟು, ನಿರಪಾಯವಾದ ಬೆಳವಣಿಗೆ, ಕ್ಯಾನ್ಸರ್ - ಇವು ಹೊರನೋಟಕ್ಕೆ ಒಂದೇ ಬಗೆಯಾಗಿರಬಹುದು. ವ್ಯತ್ಯಾಸವಿರುವುದು ಜೀವಕೋಶಗಳಲ್ಲಿ. ಅವುಗಳನ್ನೇ ನೋಡುವ ಪರೀಕ್ಷೆಗೆ ಬಯಾಪ್ಸಿ ಎಂದು ಹೆಸರು. 1879ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಅರ್ನೆಸ್ಟ್ ಬೆನಿಯೆ ಈ ಹೆಸರನ್ನು ಬಳಕೆಗೆ ತಂದನು.

ಎಷ್ಟೋ ಸಂದರ್ಭಗಳಲ್ಲಿ ಸೂಜಿಯಿಂದ ತೆಗೆದ ಅಂಗಾಂಶವೇ ಸಾಕಾಗುತ್ತದೆ. ಸಾಲದಾದಾಗ ಶಸ್ತ್ರಕ್ರಿಯೆ ಬೇಕು. ದೊಡ್ಡ ಗಂಟಾದರೆ ಒಂದು ಭಾಗವನ್ನೂ ಚಿಕ್ಕದಾದರೆ ಇಡಿಯಾಗಿಯೂ ತೆಗೆಯುವುದುಂಟು. ಚರ್ಮದ ಸಮೀಪವಿದ್ದರೆ ಆ ಸ್ಥಳವನ್ನಷ್ಟೇ ಮರಗಟ್ಟಿಸುತ್ತಾರೆ. ಆಳದಲ್ಲಿದ್ದರೆ ಪೂರ್ಣ ಅರಿವಳಿಕೆ ಬೇಕಾದೀತು.

ಭೌತವಿಜ್ಞಾನವನ್ನು ಕಲಿಸುವ ನಮಗೆ ಮುಂದಿನ ಕೆಲಸವೇ ಹೆಚ್ಚು ಕುತೂಹಲಕರ. ದಪ್ಪ ಚೂರಿನ ಮೂಲಕ ಬೆಳಕು ಹಾಯಲಾರದು. ಹಾಯ್ದರೂ ಜೀವಕೋಶಗಳು ಒಂದರ ಮೇಲೊಂದು ಬಿದ್ದು ಕಲಸಿದಂತೆ ಕಾಣುತ್ತವೆ. ಆದುದರಿಂದ ಅಂಗಾಂಶವನ್ನು ಕೆಡದಂತೆ ಫಾರ್ಮಲಿನ್ನಿನಲ್ಲಿಟ್ಟು, ನೀರನ್ನು ತೆಗೆದು, ಪ್ಯಾರಫಿನ್ ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ಸುಮಾರು 4 ಪಾಲು ದಪ್ಪದ ಪದರಗಳಾಗಿ ಕೊಯ್ಯುತ್ತಾರೆ. ಕೂದಲೆಳೆ ಇದರ ಹತ್ತು ಪಟ್ಟಿಗಿಂತಲೂ ದಪ್ಪ! ಬಣ್ಣ ಕಟ್ಟಿದಾಗ ಜೀವಕೋಶದ ಕೇಂದ್ರ ನೀಲಿಯಾಗಿಯೂ ಸುತ್ತಲಿನ ದ್ರವ್ಯ ಗುಲಾಬಿಯಾಗಿಯೂ ಕಾಣುತ್ತವೆ. ಇದಕ್ಕೆಲ್ಲ ಕೆಲವು ದಿನಗಳು ಹಿಡಿಯುತ್ತವೆ. ವರದಿ ತಡವಾದುದಕ್ಕೆ ಕೇಡನ್ನು ಶಂಕಿಸಬೇಕಾಗಿಲ್ಲ.

ಶಸ್ತ್ರಕ್ರಿಯೆಯ ನಡುವೆಯೇ ಉತ್ತರ ಬೇಕಾದರೆ? 1905ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಶಸ್ತ್ರವೈದ್ಯ ವಿಲಿಯಂ ಮೇಯೋ ಈ ಪ್ರಶ್ನೆಯನ್ನೇ ಮುಂದಿಟ್ಟನು. ಅಲ್ಲಿಯ ತಜ್ಞ ಲೂಯಿ ವಿಲ್ಸನ್ ಅಂಗಾಂಶವನ್ನು ಹೆಪ್ಪುಗಟ್ಟಿಸಿ ಕೊಯ್ದು, ಮೆಥಿಲೀನ್ ನೀಲಿ ಬಣ್ಣ ಹಾಕಿ, ಕೆಲವೇ ನಿಮಿಷಗಳಲ್ಲಿ ನೋಡುವ ಕ್ರಮವನ್ನು ರೂಪಿಸಿದನು. ಆ ತತ್ತ್ವ ಇಂದಿಗೂ ಬಳಕೆಯಲ್ಲಿದೆ. ಆದರೆ ಹಿಮದ ಹರಳುಗಳು ಜೀವಕೋಶಗಳ ರೂಪವನ್ನು ಸ್ವಲ್ಪ ಕೆಡಿಸುವುದರಿಂದ, ಸಾಮಾನ್ಯವಾಗಿ ಅಂತಿಮ ನಿರ್ಣಯಕ್ಕೆ ಮೇಣದ ಪದರವನ್ನೇ ಕಾಯುತ್ತಾರೆ.

ಇನ್ನು ಭಯದ ವಿಷಯ. ಬಯಾಪ್ಸಿಯಿಂದ ಕ್ಯಾನ್ಸರ್ ಹರಡುವುದು ತೀರ ಅಪರೂಪ. ಅಂಥ ಸಂಭವವಿರುವ ಕೆಲವು ಅವಯವಗಳಲ್ಲಿ ತಜ್ಞರು ಮೊದಲೇ ಬೇರೆ ದಾರಿಯನ್ನು ಆರಿಸಿಕೊಳ್ಳುತ್ತಾರೆ. ಪರೀಕ್ಷೆಗೆ ಹೆದರಿ ಕಳೆದ ತಿಂಗಳುಗಳೇ ನಿಜವಾದ ಅಪಾಯ. ಕ್ಯಾನ್ಸರ್ ಆಗಿದ್ದರೆ ಆ ಅವಧಿಯಲ್ಲಿ ಅದು ಕಾಯುತ್ತ ಕೂಡುವುದಿಲ್ಲ. ಪರೀಕ್ಷೆಗೆ ಬರೆದುಕೊಟ್ಟ ಮಾತ್ರಕ್ಕೆ ಕ್ಯಾನ್ಸರ್ ಇದೆಯೆಂದೂ ಅರ್ಥವಲ್ಲ.

ರೋಗಿ ನೆನಪಿಡಬೇಕಾದುವು ಕೆಲವು. ಆಸ್ಪಿರಿನ್ ಅಥವಾ ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಿ ಸೇವಿಸುತ್ತಿದ್ದರೆ ಮೊದಲೇ ತಿಳಿಸಬೇಕು, ತಾನಾಗಿ ನಿಲ್ಲಿಸಬಾರದು. ಒಗ್ಗದ ಔಷಧಿಗಳನ್ನೂ ಗರ್ಭಿಣಿಯಾಗಿದ್ದರೆ ಅದನ್ನೂ ಹೇಳಬೇಕು. ಅನಂತರ ಅಲ್ಪ ನೋವು ಸಹಜ. ಜ್ವರ, ಕೀವು, ಹೆಚ್ಚುವ ಊತ, ನಿಲ್ಲದ ರಕ್ತ ಕಂಡರೆ ಕೂಡಲೆ ವೈದ್ಯರಲ್ಲಿಗೆ ಹೋಗಬೇಕು. ಗಂಟನ್ನು ಇಡಿಯಾಗಿ ತೆಗೆದಾಗಲೂ "ಪರೀಕ್ಷೆಗೆ ಕಳುಹಿಸಿದಿರಾ?" ಎಂದು ಕೇಳಲು ಸಂಕೋಚ ಬೇಡ. ವರದಿಯನ್ನು ಪಡೆದು, ಅರ್ಥ ಕೇಳಿ ತಿಳಿದು, ಜೋಪಾನವಾಗಿಡಬೇಕು. ಸಂಶಯವಿದ್ದರೆ ಅದೇ ಮೇಣದ ತುಣುಕನ್ನು ಇನ್ನೊಬ್ಬ ತಜ್ಞರಿಗೆ ತೋರಿಸಬಹುದು.

ನಮ್ಮ ತರುಣ ವಾಚಕರ ಮನೆಯಲ್ಲಿಯೂ ಒಂದು ದಿನ ಇಂಥ ಪ್ರಶ್ನೆ ಎದ್ದೀತು. ಅಂದು ಅಜ್ಜಿಗೋ ತಂದೆಗೋ ಪಕ್ಕದಲ್ಲಿ ಕುಳಿತು ಇಷ್ಟನ್ನು ತಿಳಿಯಹೇಳಿದರೆ, ಓದಿದ ವಿಜ್ಞಾನ ಸಾರ್ಥಕವಾಯಿತು.